ಐದನೇ ಚೌಕದಲ್ಲಿ ಕೂತ ಮೇಷ್ಟ್ರು

ಸಿನಿಮಾ ಮುಗಿಯುವಷ್ಟರಲ್ಲಿ ಅಮ್ಮುವಿನ ದುಪಟ್ಟಾ ತೊಯ್ದು ತೊಪ್ಪೆಯಾಗಿತ್ತು. ಅಮ್ಮು ನನ್ನ ಅಕ್ಕನ ಮಗಳು. ಹತ್ತನೇ ಕ್ಲಾಸು. ಅಪ್ಪ ಅಮ್ಮ ಚನ್ನರಾಯಪಟ್ಟಣದಲ್ಲಿ, ಇವಳು ಹಾಸನದ ನಮ್ಮ ಮನೆಯಲ್ಲಿದ್ದುಕೊಂಡು ಓದುತ್ತಾಳೆ. ನನಗೆ ಭಾನುವಾರ ರಜೆ ಸಿಗುವುದೇ ಅಪರೂಪ. ಸಿಕ್ಕಿದ ಒಂದು ಭಾನುವಾರ ನನ್ನನ್ನು ಹಿಡಿದು ಟಿವಿ ಮುಂದೆ ಕೂರಿಸಿ, 'ಚಿಕ್ಕಮ್ಮ, ಇದನ್ನ ನೀನು ನೋಡ್ಲೇಬೇಕು' ಎಂದಿದ್ದಳು. ಕ್ಲಾಸಿನ ಒಬ್ಬ ಹುಡುಗ ಸತ್ತುಹೋಗುತ್ತಾನೆ. ಉಳಿದ ಹುಡುಗ ಹುಡುಗಿಯರು ಅದನ್ನು ಹೇಗೆ ತಡೆದುಕೊಂಡರು ಅನ್ನುವುದೇ ಕಥೆ. ಮಕ್ಕಳೆಲ್ಲ ಚೆನ್ನಾಗಿಯೇ ಮಾಡಿದ್ದರು, ಸುಳ್ಳು ಯಾಕೆ ಹೇಳಲಿ. ಆದರೆ ಅದರಲ್ಲಿ ಒಬ್ಬ ಟೀಚರು ಬರುತ್ತಾಳೆ. ಬೆಣ್ಣೆಯಂಥ ದನಿ, ಇಸ್ತ್ರಿ ಕೆಡದ ಸೀರೆ. ಮಕ್ಕಳನ್ನು ದುಂಡಗೆ ಕೂರಿಸಿ, ನಡುವೆ ಮೇಣದಬತ್ತಿ ಹಚ್ಚಿ, 'ನಿಮ್ಮ ನೋವನ್ನೆಲ್ಲ ಹೊರಗೆ ಬಿಡಿ' ಅನ್ನುತ್ತಾಳೆ. ಅವರೂ ಬಿಡುತ್ತಾರೆ. ಕೊನೆಗೆ ಎಲ್ಲರೂ ಒಂದು ಗುಡ್ಡ ಹತ್ತಿ ಬಲೂನು ಹಾರಿಸುತ್ತಾರೆ. ಬಲೂನು ಮೋಡ ಮುಟ್ಟುವ ಹೊತ್ತಿಗೆ ಅಮ್ಮು ಗೊಳೋ ಎಂದು ಅಳುತ್ತಿದ್ದಳು, ನಾನು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದೆ.

'ಥೂ! ಏನ್ ಕಲ್ಲು ಮನಸ್ಸು ಚಿಕ್ಕಮ್ಮ ನಿಂದು!'

'ಅಯ್ಯೋ, ಅದಕ್ಕಲ್ಲ ಕಣೇ ನಕ್ಕಿದ್ದು. ನಾನು ಹತ್ತನೇ ಕ್ಲಾಸಲ್ಲಿದ್ದಾಗ ನಮ್ಮಲ್ಲೂ ಒಬ್ಬಳು ಹಿಂಗೇ ಹೋಗ್ಬಿಟ್ಲು. ಆಗ ನಮ್ಮನ್ನ ನೋಡ್ಕಂಡಿದ್ದೋರು ಒಬ್ರಿದ್ರು. ಅವರನ್ನ ಆ ಟೀಚರ್ ಜಾಗದಲ್ಲಿ, ಮೇಣದಬತ್ತಿ ಮುಂದೆ ಕೂರಿಸ್ಕಂಡು ನೋಡ್ದೆ. ನಗು ಬಂತು.'

'ನಿಮ್ ಸ್ಕೂಲಲ್ಲಿ ಕೌನ್ಸೆಲರ್ ಇದ್ರಾ?' ಅಮ್ಮು ಮೂಗೊರೆಸಿಕೊಂಡು ಕೇಳಿದಳು.

'ಇದ್ರು. ತೊಂಬತ್ತು ಕೆ.ಜಿ. ಕೌನ್ಸೆಲರು. ಬಾಯಲ್ಲಿ ಸೀಟಿ.'

ಹೊಳೆನರಸೀಪುರದಲ್ಲಿ ನಾನು ಓದಿದ ಹೈಸ್ಕೂಲಿನ ಪಿ.ಟಿ. ಮೇಷ್ಟ್ರು ಅವರು. ಈ ವರ್ಷ ರಿಟೈರ್ ಆದರು. ಬೀಳ್ಕೊಡುಗೆಗೆ ನಾನೂ ಹೋಗಿದ್ದೆ. ಹಾರ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಆದ ಮೇಲೆ 'ಎರಡು ಮಾತಾಡಿ' ಅಂತ ಮೈಕು ಕೊಟ್ಟರು. ಮೇಷ್ಟ್ರು ಮೈಕನ್ನು ಒಂದು ಸಲ ಅನುಮಾನದಿಂದ ನೋಡಿ, ಪಕ್ಕಕ್ಕಿಟ್ಟು, ಗ್ರೌಂಡಿನಲ್ಲಿ ಕೂಗುವ ದನಿಯಲ್ಲೇ ಕೂಗಿದರು: 'ಊಟ ರೆಡಿ ಐತೆ. ನುಗ್ಗಬ್ಯಾಡಿ. ಎಲ್ಲಾ ಲೈನಾಗಿ ಬನ್ನಿ.' ಮೂವತ್ತು ಚಿಲ್ಲರೆ ವರ್ಷದ ನೌಕರಿಗೆ ಅಷ್ಟೇ ಭಾಷಣ.

ಅವರ ಹೆಸರು ನಾನು ಬರೆಯುವುದಿಲ್ಲ. ಬರೆದರೆ, 'ಯಾವಳಮ್ಮೀ ಅವಳು ನನ್ನ ಹೆಸರ ಅಚ್ಚಾಕ್ಸಿರೋಳು' ಅಂತ ನನ್ನ ಬಸ್ಸಿಗೇ ಅಡ್ಡ ನಿಲ್ಲುತ್ತಾರೆ. ಅವರು ನಿಂತರೆ ಬಸ್ಸು ಮುಂದೆ ಹೋಗುವುದಿಲ್ಲ, ಅಷ್ಟು ಅಗಲ. ನಾನು ಸರ್ಕಾರಿ ಬಸ್ಸಿನ ಕಂಡಕ್ಟರು. ಹಾಸನದಿಂದ ಹೊಳೆನರಸೀಪುರದ ಮೇಲೆ ಅರಕಲಗೂಡಿಗೆ ನನ್ನ ಓಡಾಟ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಬೆಳಿಗ್ಗೆ ಮೇಷ್ಟ್ರು ಹತ್ತಿದರು. ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ನಾನು ಸೀಟಿ ಊದಿದೆ. ಹಿಂದಿನಿಂದ ದನಿ ಬಂತು: 'ಏನಮ್ಮೀ ಭಾಗೀ ಅದು, ಕುಕ್ಕರ್ ಕೂಗ್ದಂಗೆ! ನಿನ್ ಸೀಟಿ ಕೇಳಿ ಡ್ರೈವರು ಬಸ್ ನಿಲ್ಲಿಸ್ಬೇಕೋ, ಅನ್ನ ಇಳಿಸ್ಬೇಕೋ? ಹೊಟ್ಟೆಯಿಂದ ಊದು!' ಬಸ್ಸಿಗೆ ಬಸ್ಸೇ ನಕ್ಕಿತು. ಸಾಲದ್ದಕ್ಕೆ ಡ್ರೈವರಣ್ಣನೂ ನಕ್ಕ. ನನಗೆ ಮೈಯೆಲ್ಲ ಉರಿದುಹೋಯಿತು. ಆದರೂ ಮುಂದಿನ ಸ್ಟಾಪಿನಲ್ಲಿ ಹೊಟ್ಟೆಯಿಂದಲೇ ಊದಿದೆ. ಇವತ್ತಿಗೂ ಹಾಗೇ ಊದುತ್ತೇನೆ.

ಅವರ ಸ್ವಂತ ಊರು ಕಟ್ಟಾಯದ ಕಡೆ. ಅಲ್ಲಿಂದ ದಿನಾ ಮೊಪೆಡ್ಡಿನಲ್ಲಿ ಬರುತ್ತಿದ್ದರು. ಅವರ ಕೆಳಗೆ ಮೊಪೆಡ್ಡು ಇದೆ ಅನ್ನುವುದನ್ನು ಸದ್ದಿನಿಂದಲೇ ತಿಳಿದುಕೊಳ್ಳಬೇಕು, ಕಣ್ಣಿಗೆ ಕಾಣುತ್ತಿರಲಿಲ್ಲ. ಬಿಳಿ ಪ್ಯಾಂಟು, ಬಿಳಿ ಶರ್ಟು, ಬಿಳಿ ಕ್ಯಾನ್ವಾಸ್ ಶೂ. ಶೂ ಮಾಸಿದರೆ ಸ್ಟಾಫ್ ರೂಮಿನಿಂದ ಸೀಮೆಸುಣ್ಣ ತಂದು ತಿಕ್ಕಿಕೊಳ್ಳುತ್ತಿದ್ದರು. ಗಣಿತದ ಮೇಡಂ, 'ಬೋರ್ಡಿಗೆ ಬರೆಯೋದಕ್ಕಿಂತ ನಿಮ್ ಕಾಲಿಗೇ ಜಾಸ್ತಿ ಖರ್ಚಾಗ್ತಿದೆ ಕಣ್ರೀ' ಅಂತ ದಿನಾ ಜಗಳ ಆಡುತ್ತಿದ್ದರು. ಇವರು ದಿನಾ, 'ನಾಳೆಯಿಂದ ಇಲ್ಲ ಮೇಡಂ' ಎನ್ನುತ್ತಿದ್ದರು.

ಸಮಾಜದ ಮೇಷ್ಟ್ರು ರಜೆ ಹಾಕಿದ ದಿನ ಇವರು ಕ್ಲಾಸಿಗೆ ಬಂದರೆ ನಮಗೆ ಹಬ್ಬ. ಭಾರತದ ನಕ್ಷೆ ಬರೆಯಲು ಶುರು ಮಾಡುತ್ತಿದ್ದರು; ಗುಜರಾತ್ ದಾಟುವುದರೊಳಗೆ ಅದು ಖೊಖೊ ಅಂಕಣವಾಗಿ, ಹಿಮಾಲಯ ಒಂದು ಕಂಬ, ಕನ್ಯಾಕುಮಾರಿ ಇನ್ನೊಂದು ಕಂಬ ಆಗಿಬಿಡುತ್ತಿತ್ತು. 'ಇಲ್ಲಿಂದ ಓಡ್ಬೇಕು, ಇಲ್ಲಿ ಕಟ್ ತಗೀಬೇಕು' ಅಂತ ನಾಗಪುರದ ಮೇಲೆ ಕೋಲು ಕುಟ್ಟುವರು. ಮದುವೆಮನೆಗಳಿಗೆ ಅವರನ್ನು ಕರೆಯುತ್ತಿದ್ದವರು ಮೊದಲೇ ಹೇಳಿಕೊಳ್ಳುತ್ತಿದ್ದರು, 'ಸಾ, ಸೀಟಿ ತರಬೇಡಿ' ಅಂತ. ಒಂದು ಸಲ ಊಟದ ಹಾಲ್ ಬಾಗಿಲಲ್ಲಿ ಜನ ಮುಗಿಬಿದ್ದದ್ದನ್ನು ನೋಡಿ ಇವರಿಗೆ ತಡೆಯಲಾಗದೆ ಸೀಟಿ ಊದಿದ್ದರಂತೆ. ಮುದುಕರು, ಹೆಂಗಸರು, ಗಂಡಿನ ಸೋದರಮಾವ, ಎಲ್ಲರೂ ಸಾಲಾಗಿ ನಿಂತರಂತೆ. ಪುರೋಹಿತರೂ ನಿಂತರು ಅಂತ ಹೇಳುವವರಿದ್ದಾರೆ, ಅದು ಮಾತ್ರ ನಾನು ನಂಬುವುದಿಲ್ಲ.

ನಾವು ಹೆಣ್ಣುಮಕ್ಕಳು ಅವರ ಖೊಖೊ ತಂಡ. ಸಂಜೆ ಆಟ ಮುಗಿದ ಮೇಲೆ ಎಲ್ಲರಿಗೂ ಬೇಯಿಸಿದ ಆಲೂಗಡ್ಡೆ, ಮೇಲೆ ಉಪ್ಪು ಖಾರ. ಮನೆಯಿಂದ ಟಿಫನ್ ಕ್ಯಾರಿಯರ್ ತುಂಬ ತರುತ್ತಿದ್ದರು. 'ಅಮೇರಿಕದೋರು ಏನೇನೋ ಪುಡಿ ಕುಡೀತಾರಂತೆ. ನಮ್ ಹಾಸನದ ಆಲೂಗಡ್ಡೆ ಮುಂದೆ ಅದೇನ್ ಬಿಡು' ಎನ್ನುವರು. ಯಾರಾದರೂ ಓಡಲಾರದೆ ಸೊಂಟ ಹಿಡಿದು ನಿಂತರೆ ಹತ್ತಿರ ಬಂದು ಒಂದೇ ಪ್ರಶ್ನೆ: 'ಉಸ್ರು ಐತಾ?' ನಾವು ಏದುತ್ತಾ, 'ಐತೆ ಸಾ.' 'ಮತ್ತಿನ್ನೇನು, ಓಡು!' ಇದು ಅವರ ಮಂತ್ರ. ಕಾಲು ಉಳುಕಿದರೂ ಇದೇ, ಪರೀಕ್ಷೆಯಲ್ಲಿ ಫೇಲಾದರೂ ಇದೇ.

ತಂಡದ ಕ್ಯಾಪ್ಟನ್ ಚಂದ್ರಿ. ಚಂದ್ರಿಕಾ ಅಂತ ಹೆಸರು, ಆದರೆ ಅಷ್ಟುದ್ದ ಯಾರು ಕರೆಯುತ್ತಾರೆ. ಕುಳ್ಳಿ, ಎರಡು ಜಡೆ, ಮಾತಿಗೆ ಮುಂಚೆ ನಗು. ತನ್ನ ಡಬ್ಬಿ ಮೊದಲ ಪೀರಿಯಡ್ಡಿಗೇ ಖಾಲಿ ಮಾಡಿ, ಮಧ್ಯಾಹ್ನ ನಮ್ಮೆಲ್ಲರ ಡಬ್ಬಿಗೂ ಕೈ ಹಾಕುತ್ತಿದ್ದಳು. ಕಿತ್ತಾಡಿದ್ದಕ್ಕೆ ಲೆಕ್ಕವಿಲ್ಲ, ಆದರೂ ಅವಳು ನನ್ನ ಜೀವ. ಮೇಷ್ಟ್ರ ನಡಿಗೆಯನ್ನು ಅವಳಷ್ಟು ಚೆನ್ನಾಗಿ ಯಾರೂ ಅಣಕಿಸುತ್ತಿರಲಿಲ್ಲ. ಒಂದು ಸಂಜೆ ಶರ್ಟಿನೊಳಗೆ ಬ್ಯಾಗು ತುರುಕಿಕೊಂಡು, ಎರಡೂ ಕೈ ಹಿಂದೆ ಕಟ್ಟಿ, ಗ್ರೌಂಡಿನ ಉದ್ದಕ್ಕೂ ಮೇಷ್ಟ್ರಾಗಿ ನಡೆಯುತ್ತಿದ್ದಳು. ನಾವು ಬಿದ್ದು ಬಿದ್ದು ನಗುತ್ತಿದ್ದೆವು. ಇದ್ದಕ್ಕಿದ್ದಂತೆ ನಾವೆಲ್ಲ ಸುಮ್ಮನಾದದ್ದು ಯಾಕೆ ಅಂತ ಅವಳು ತಿರುಗಿ ನೋಡಿದರೆ, ಹಿಂದೆಯೇ ಮೇಷ್ಟ್ರು ನಿಂತಿದ್ದರು. ಬಹಳ ಹೊತ್ತು ನೋಡಿದರು. ಆಮೇಲೆ ಗಂಭೀರವಾಗಿ, 'ಹೊಟ್ಟೆ ಇನ್ನೊಸಿ ಮುಂದಕ್ಕೆ ಬಿಡವ್ವಾ. ನಂದು ಇನ್ನೂ ದಪ್ಪ ಐತೆ' ಅಂದು ಹೊರಟುಹೋದರು.

ಖೊಖೊ ಗೊತ್ತಿಲ್ಲದವರು ಯಾರಿದ್ದಾರೆ, ಆದರೂ ಹೇಳುತ್ತೇನೆ. ಅಟ್ಟಿಸಿಕೊಂಡು ಹೋಗುವ ತಂಡದ ಎಂಟು ಜನ ನಡುಗೆರೆಯ ಎಂಟು ಚೌಕಗಳಲ್ಲಿ ಸಾಲಾಗಿ ಕೂರುತ್ತಾರೆ. ಒಬ್ಬರು ಈ ಕಡೆ ಮುಖ, ಪಕ್ಕದವರು ಆ ಕಡೆ ಮುಖ. ಒಂಬತ್ತನೆಯವಳು ತುದಿಯ ಕಂಬದಿಂದ ಹೊರಟು ಓಡುತ್ತಾಳೆ. ಸುಸ್ತಾದರೆ ಕೂತವಳೊಬ್ಬಳ ಬೆನ್ನು ತಟ್ಟಿ 'ಖೋ' ಅಂದರೆ, ಅವಳು ಎದ್ದು ಓಡಬೇಕು, ತಟ್ಟಿದವಳು ಆ ಚೌಕದಲ್ಲಿ ಕೂರಬೇಕು. ಆಟ ಶುರುವಾಗುವಾಗ ಯಾರು ಯಾವ ಚೌಕದಲ್ಲಿ ಅನ್ನುವುದನ್ನು ಮೇಷ್ಟ್ರು ಗಟ್ಟಿ ಮಾಡಿಟ್ಟಿದ್ದರು. ನಾನು ನಾಲ್ಕನೆಯದು, ಪೂರ್ವಕ್ಕೆ ಮುಖ. ಚಂದ್ರಿ ಐದನೆಯದು, ಪಡುವಣಕ್ಕೆ ಮುಖ. ಕಷ್ಟ ಬಂದಾಗ ಎಲ್ಲರೂ ಖೋ ಕೊಡುತ್ತಿದ್ದದ್ದು ಅವಳಿಗೇ. ಯಾಕೆಂದರೆ ಅವಳು ಎದ್ದಳೆಂದರೆ ಎದುರಿನವಳು ಔಟು.

ತಾಲೂಕು ಮಟ್ಟದಲ್ಲಿ ಗೆದ್ದೆವು. ಹಾಸನದಲ್ಲಿ ಜಿಲ್ಲಾ ಮಟ್ಟದ ಪಂದ್ಯ ಇನ್ನೂ ಮುಂದಿತ್ತು. ಅಷ್ಟರಲ್ಲಿ ಒಂದು ಸೋಮವಾರ ಚಂದ್ರಿ ಜ್ವರ ಅಂತ ಶಾಲೆಗೆ ಬರಲಿಲ್ಲ. ಮುಂದಿನ ಸೋಮವಾರ ಅವಳೇ ಇರಲಿಲ್ಲ. ಡೆಂಗಿ ಅಂದರು. ಇದಕ್ಕಿಂತ ಹೆಚ್ಚು ನನಗೆ ಬರೆಯಲು ಆಗುವುದಿಲ್ಲ.

ಶಾಲೆಯಲ್ಲಿ ಸಂತಾಪ ಸಭೆ ಮಾಡಿದರು. ಒಂದು ನಿಮಿಷದ ಮೌನಕ್ಕೆ ಮೇಷ್ಟ್ರು ಸೀಟಿ ಊದಬೇಕು, ಮುಗಿದ ಮೇಲೆ ಇನ್ನೊಂದು ಸಲ ಊದಬೇಕು. ಮೊದಲನೆಯದು ಊದಿದರು. ಎರಡನೆಯದು ಊದಲೇ ಇಲ್ಲ. ಸೀಟಿ ತುಟಿಯಲ್ಲಿ ಹಾಗೇ ಇತ್ತು. ನಾವು ನಿಂತೇ ಇದ್ದೆವು. ಹೆಡ್ ಮೇಷ್ಟ್ರು ಕೆಮ್ಮಿದರು. ಗಣಿತದ ಮೇಡಂ ಕೆಮ್ಮಿದರು. ಚಿಕ್ಕ ಕ್ಲಾಸಿನವರು ಒಬ್ಬೊಬ್ಬರೇ ಕಾಲು ಬದಲಾಯಿಸಿದರು. ಕಡೆಗೆ ಜವಾನಣ್ಣ ಗಂಟೆ ಬಾರಿಸಿದ, ನಾವು ಕ್ಲಾಸಿಗೆ ಹೋದೆವು.

ಮಾರನೆಯ ದಿನ ಮೇಷ್ಟ್ರು ನಮ್ಮ ಕ್ಲಾಸಿಗೆ ಬಂದರು. ಏನೋ ಹೇಳಬೇಕು ಅಂತ ಹೆಡ್ ಮೇಷ್ಟ್ರು ಕಳಿಸಿದ್ದರು, ನಮಗೂ ಗೊತ್ತಾಯಿತು. ಟೇಬಲ್ ಮುಂದೆ ನಿಂತು ಬಾಯಿ ತೆರೆದರು, ಮುಚ್ಚಿದರು. ಇನ್ನೊಮ್ಮೆ ತೆರೆದರು. ಕೊನೆಗೆ ಹೊರಟ ಮಾತು: 'ಎಲ್ಲಾ ಉಗುರು ತೋರಿಸ್ರಿ.' ನಾವು ಕೈ ಮುಂದೆ ಚಾಚಿದೆವು. ಒಂದೊಂದೇ ಬೆಂಚಿಗೆ ಬಂದು, ಒಬ್ಬೊಬ್ಬರ ಕೈಯನ್ನೂ ತಮ್ಮ ದೊಡ್ಡ ಅಂಗೈಯಲ್ಲಿ ಇಟ್ಟುಕೊಂಡು ನೋಡಿದರು. ಹೆಚ್ಚಿನವರ ಉಗುರು ಉದ್ದವಿರಲಿಲ್ಲ, ಇದ್ದವರಿಗೂ ಬೈಯಲಿಲ್ಲ. ಪ್ರತಿಯೊಬ್ಬರ ಕೈ ಬಿಡುವಾಗ ಮೆಲ್ಲಗೆ ಒಮ್ಮೆ ಒತ್ತುತ್ತಿದ್ದರು. ಹುಡುಗರ ಸಾಲಿನಲ್ಲೂ ಹಾಗೆಯೇ. ಇಡೀ ಪೀರಿಯಡ್ಡು ಅದರಲ್ಲೇ ಮುಗಿಯಿತು. ಆ ಸಿನಿಮಾದ ಟೀಚರು ಆಡಿದ ಮಾತೆಲ್ಲ ಒಂದು ತೂಕ, ಈ ಉಗುರು ನೋಡಿದ್ದು ಒಂದು ತೂಕ, ನನ್ನ ಮಟ್ಟಿಗೆ.

ಆದರೆ ಆಟ ನಿಂತುಹೋಯಿತು. ನಾವು ಎಂಟೂ ಜನ ಗ್ರೌಂಡಿಗೆ ಇಳಿಯುವುದಿಲ್ಲ ಅಂದುಬಿಟ್ಟೆವು. 'ಚಂದ್ರಿ ಇಲ್ದಿದ್ದ ಮೇಲೆ ಏನ್ ಆಟ' ಅಂತ ಎಲ್ಲರಿಗಿಂತ ಜೋರಾಗಿ ಹೇಳಿದವಳು ನಾನೇ. ರಿಸರ್ವಿನಲ್ಲಿದ್ದ ಒಂಬತ್ತನೇ ಕ್ಲಾಸಿನ ಸುಮಾಳನ್ನು ಐದನೇ ಚೌಕದಲ್ಲಿ ಕೂರಿಸೋಣ ಎಂದರೆ, ಅವಳು ಮಾತು ಮುಗಿಯುವ ಮೊದಲೇ ಅಳುತ್ತಾ ಓಡಿಹೋದಳು. ಜಿಲ್ಲಾ ಪಂದ್ಯಕ್ಕೆ ತಂಡ ಬರುತ್ತದೋ ಇಲ್ಲವೋ ಅಂತ ಹಾಸನದಿಂದ ಕೇಳುತ್ತಿದ್ದರು. ಹೆಡ್ ಮೇಷ್ಟ್ರು, 'ಬಿಟ್ಟುಬಿಡಿ, ಈ ವರ್ಷ ಬೇಡ' ಎಂದರು. ಮೇಷ್ಟ್ರು, 'ಒಸಿ ದಿನ ತಡೀರಿ ಸಾ' ಎಂದರಂತೆ. ಆಮೇಲೆ ಗೊತ್ತಾದ ಮಾತು ಇದು: 'ಈ ಮಕ್ಕಳು ಈಗ ಓಡ್ಲಿಲ್ಲ ಅಂದ್ರೆ, ಮುಂದೆ ಯಾವತ್ತೂ ಓಡಕಿಲ್ಲ' ಅಂತ ಅವರು ಸ್ಟಾಫ್ ರೂಮಿನಲ್ಲಿ ಹೇಳಿದ್ದರಂತೆ. ನನ್ನ ವಿಷಯದಲ್ಲಂತೂ ಅದು ನಿಜವೇ ಆಗುತ್ತಿತ್ತು.

ಒಂದು ಸಂಜೆ ಕ್ಲಾಸಿನ ಕಿಟಕಿಗೆ ಬಂದು, 'ಗ್ರೌಂಡಿಗೆ ಬನ್ರವ್ವಾ. ಆಡಾಕಲ್ಲ. ಆಲೂಗಡ್ಡೆ ತಂದಿವ್ನಿ, ತಣ್ಣಗಾಯ್ತವೆ' ಎಂದರು. ಆಲೂಗಡ್ಡೆ ಮೇಲೇನು ಸಿಟ್ಟು ಅಂತ ಹೋದೆವು. ತಿಂದೆವು. ಮಳೆಗೆ ಅಂಕಣದ ಗೆರೆಗಳೆಲ್ಲ ಅಳಿಸಿಹೋಗಿದ್ದವು. 'ಹೆಂಗೂ ಬಂದಿದ್ದೀರಲ್ಲ, ಸುಣ್ಣದ ಪುಡಿ ಹಿಡ್ಕಂಡು ಗೆರೆ ಎಳೀರಿ, ಸುಮ್ಕೆ' ಎಂದರು. ಎಳೆದೆವು. ಎಳೆದ ಮೇಲೆ ಕಾಲು ಕೇಳಬೇಕಲ್ಲ. ಒಬ್ಬೊಬ್ಬಳೇ ತನ್ನ ತನ್ನ ಚೌಕದಲ್ಲಿ ಕುಕ್ಕರುಗಾಲಲ್ಲಿ ಕೂತಳು. ನಾನು ಮಾತ್ರ ನನ್ನ ಚೌಕಕ್ಕೆ ಹೋಗದೆ ಕಂಬದ ಹತ್ತಿರ ನಿಂತೆ. ಪಕ್ಕದ ಖಾಲಿಯ ಜೊತೆ ಕೂರುವುದು ನನ್ನಿಂದ ಆಗದು ಅಂತ. ಕಂಬದಲ್ಲಿರುತ್ತಿದ್ದ ಮಂಜುಳಾ ಏನೂ ಕೇಳದೆ ಹೋಗಿ ನಾಲ್ಕನೆಯದರಲ್ಲಿ ಕೂತಳು. ಅವಳ ಪಕ್ಕದ ಐದನೆಯದು ಖಾಲಿ. ಎದುರು ತಂಡಕ್ಕೆ ಎಂಟನೇ ಕ್ಲಾಸಿನ ಚಿಳ್ಳೆಪಿಳ್ಳೆಗಳು.

ಮೇಷ್ಟ್ರು ಸೀಟಿ ಊದಿದರು. ನಾನು ಓಡಿದೆ. ಮೊದಮೊದಲು ಕಾಲು ಕಲ್ಲಿನ ಹಾಗಿತ್ತು, ಆಮೇಲೆ ಅದು ತಾನೇ ಓಡಿತು. ಒಬ್ಬಳು ಚೂಟಿ ಹುಡುಗಿ ನನ್ನನ್ನು ಆಟ ಆಡಿಸಿಬಿಟ್ಟಳು, ಎರಡು ಕಂಬ ಸುತ್ತಿದರೂ ಕೈಗೆ ಸಿಗಲಿಲ್ಲ. ಎದೆ ಒಡೆದುಹೋಗುವಂತಾಯಿತು. ಕಷ್ಟ ಬಂದಾಗ ಎಲ್ಲಿಗೆ ಹೋಗಿ ಅಭ್ಯಾಸವೋ ಅಲ್ಲಿಗೇ ಹೋದೆ. ಕೈ ಬೀಸಿ, ಗಂಟಲು ಹರಿಯುವ ಹಾಗೆ 'ಖೋ!' ಅಂದೆ. ಕೈ ಗಾಳಿಗೆ ಬಿತ್ತು. ಮುಗ್ಗರಿಸಿ ಮಂಡಿಯೂರಿ ಬಿದ್ದೆ. ಅಲ್ಲಿ ಬರೀ ಸುಣ್ಣದ ಚೌಕ ಇತ್ತು.

ಆ ಎಂಟನೇ ಕ್ಲಾಸಿನ ಹುಡುಗಿ ಓಡುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು. ಆಗ ದಪ್ ದಪ್ ಅಂತ ಹೆಜ್ಜೆ ಸದ್ದಾಯಿತು. ಮೇಷ್ಟ್ರು ಬಂದರು, ಪ್ಯಾಂಟನ್ನು ಮಂಡಿಯ ಹತ್ತಿರ ಎರಡು ಬೆರಳಲ್ಲಿ ಮೇಲೆತ್ತಿಕೊಂಡರು, 'ಅಯ್ಯಪ್ಪಾ' ಅಂತ ನರಳುತ್ತಾ ಐದನೇ ಚೌಕದಲ್ಲಿ ಪಡುವಣಕ್ಕೆ ಮುಖ ಮಾಡಿ ಕೂತರು. ಕುಂಡೆ ಚೌಕಕ್ಕೆ ಹಿಡಿಸಲಿಲ್ಲ, ಅರ್ಧ ಹೊರಗೇ ಇತ್ತು. ಹಿಂದೆ ತಿರುಗದೆ ಕೈಯಲ್ಲಿ ಬೆನ್ನು ತೋರಿಸಿ ಹೇಳಿದರು: 'ಕೊಡು ಈಗ.'

ನಾನು ಎದ್ದೆ. ಅಳು ಬರುತ್ತಿತ್ತೋ ಸಿಟ್ಟು ಬರುತ್ತಿತ್ತೋ ಗೊತ್ತಿಲ್ಲ, ಆ ಬೆನ್ನಿಗೆ ಒಂದು ಬಿಟ್ಟೆ. 'ಖೋ!' ಮೇಷ್ಟ್ರು ಎದ್ದರು. ಎದ್ದರು ಅಂದರೆ, ಏಳುವ ಕಾರ್ಯಕ್ರಮ ಶುರುವಾಯಿತು. ಮೊದಲು ಒಂದು ಕೈ, ಆಮೇಲೆ ಒಂದು ಮಂಡಿ, ಅದು ಚಟ್ ಅಂದದ್ದು ಎಂಟು ಚೌಕಕ್ಕೂ ಕೇಳಿಸಿತು. ಎದ್ದು ನಾಲ್ಕು ಹೆಜ್ಜೆ ಓಡಿದರು. ಚಿಳ್ಳೆಪಿಳ್ಳೆಗಳು ಕಿರುಚುತ್ತಾ ದಿಕ್ಕಾಪಾಲಾದವು. ಒಬ್ಬಳಂತೂ ಅಂಕಣ ಬಿಟ್ಟು ಗೇಟಿನ ತನಕ ಓಡಿದಳು. ಮೇಷ್ಟ್ರು ಅಲ್ಲೇ ಹತ್ತಿರವಿದ್ದ ಮಂಜುಳಾಗೆ ಖೋ ಕೊಟ್ಟು, ಅವಳ ಚೌಕದಲ್ಲಿ ಮೂಟೆ ಇಳಿಸಿದ ಹಾಗೆ ಕೂತರು.

ಮೊದಲು ನಕ್ಕವಳು ಗೆರೆಯಾಚೆ ನಿಂತಿದ್ದ ಸುಮಾ. ಆಮೇಲೆ ಮಂಜುಳಾ. ಆಮೇಲೆ ನಾವೆಲ್ಲ, ಹೊಟ್ಟೆ ಹಿಡಿದುಕೊಂಡು. ಚಂದ್ರಿ ಹೋದ ಮೇಲೆ ನಾವು ನಕ್ಕದ್ದು ಅದೇ ಮೊದಲು. ನಕ್ಕು ನಕ್ಕು, ಒಮ್ಮೆಲೇ ಎಲ್ಲರಿಗೂ ಹೊಳೆಯಿತು ನಾವು ನಗುತ್ತಿದ್ದೇವೆ ಅಂತ. ಗಪ್ಪನೆ ನಿಂತಿತು. ಸುಮಾ ಹೆದರಿಕೊಂಡು, 'ನಗಬಹುದಾ ಸಾ?' ಎಂದಳು.

ಮೇಷ್ಟ್ರು ಏದುಸಿರು ಬಿಡುತ್ತಾ, 'ನಾನು ಓಡಾದ ನೋಡಿ ನಗ್ನಿಲ್ಲ ಅಂದ್ರೆ ಅದು ದೊಡ್ಡ ಕಾಯ್ಲೆ ಕಣ್ರವ್ವಾ. ನಗ್ರಿ. ಅವಳಿದ್ದಿದ್ರೆ ಇಷ್ಟೊತ್ತಿಗೆ ನೆಲದ ಮ್ಯಾಲೆ ಉಳ್ಳಾಡಿ ನಗ್ತಿದ್ಲು' ಎಂದರು. ಅವಳ ಹೆಸರು ಹೇಳಲಿಲ್ಲ, ಆದರೂ ಅವಳ ಮಾತು ಎತ್ತಿದರಲ್ಲ ಅಂತ ನಮಗೆ ಎದೆ ಹಗುರಾಯಿತು. ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಅವಳ ಮಾತೇ ಆಡಿದೆವು.

'ಅಷ್ಟೇನಾ?' ಅಂದಳು ಅಮ್ಮು. 'ಬಲೂನು ಗಿಲೂನು ಏನೂ ಇಲ್ವಾ?'

'ಬಲೂನೇ ಬಂದು ಚೌಕದಲ್ಲಿ ಕೂತಿತ್ತಲ್ಲೇ, ಇನ್ನೇನ್ ಬೇಕು ನಿಂಗೆ' ಎಂದೆ.

ಅವತ್ತಿನಿಂದ ದಿನಾ ಸಂಜೆ ಇದೇ. ಮಾರನೆಯ ದಿನವೇ ನಾನು ಸುಮ್ಮನೆ ನನ್ನ ನಾಲ್ಕನೇ ಚೌಕಕ್ಕೆ ಮರಳಿದೆ, ಮಂಜುಳಾ ಕಂಬಕ್ಕೆ. ಆಟ ಶುರುವಾಗುವ ಮೊದಲು ಮೇಷ್ಟ್ರು ಬಂದು ಐದನೇ ಚೌಕದಲ್ಲಿ ಕೂರುವರು, ಅಲ್ಲಿಂದಲೇ ಸೀಟಿ ಊದುವರು. ವರ್ಷಗಟ್ಟಲೆ ನಮ್ಮನ್ನು ಗ್ರೌಂಡು ಸುತ್ತಿಸಿದ್ದಕ್ಕೆಲ್ಲ ನಾವು ಅವರ ಬೆನ್ನಿನ ಮೇಲೆ ತೀರಿಸಿಕೊಂಡೆವು. 'ಮೆತ್ತಗೆ ಕೊಡ್ರೇ, ಖೋ ಅದು, ಕಣದಲ್ಲಿ ರಾಗಿ ಬಡಿಯೋದಲ್ಲ' ಅಂತ ಕಿರುಚುವರು. ಹೆಡ್ ಮೇಷ್ಟ್ರು ಒಂದು ದಿನ ವರಾಂಡದಿಂದ ನೋಡಿ ಗಾಬರಿಯಾಗಿ, 'ಏನ್ರೀ ಇದು, ಹೆಣ್ಮಕ್ಕಳ ಟೀಮಲ್ಲಿ ನೀವು?' ಅಂದರೆ, ಇವರು ಕೂತಲ್ಲಿಂದಲೇ ಸೆಲ್ಯೂಟ್ ಹೊಡೆದು, 'ಸಬ್‌ಸ್ಟಿಟ್ಯೂಟ್ ಸಾ!' ಎಂದರು.

ಒಂದು ಮಾತ್ರ ಬದಲಾಗಿತ್ತು. ನಾವು ಸೊಂಟ ಹಿಡಿದು ನಿಂತರೆ ಹತ್ತಿರ ಬರುತ್ತಿದ್ದರು, 'ಉಸ್ರು' ಅಂತ ಶುರು ಮಾಡಿ ಅಲ್ಲೇ ನುಂಗಿಕೊಳ್ಳುತ್ತಿದ್ದರು. 'ಓಡ್ರವ್ವಾ' ಅಂತಷ್ಟೇ ಹೇಳಿ ಹೋಗುತ್ತಿದ್ದರು. ಆ ಮಂತ್ರವನ್ನು ಆಮೇಲೆ ಅವರ ಬಾಯಲ್ಲಿ ನಾನು ಕೇಳಲೇ ಇಲ್ಲ.

ಪಂದ್ಯ ಹತ್ತಿರ ಬಂತು. ಸುಮಾ ಅಷ್ಟರಲ್ಲಿ ನಮ್ಮ ಜೊತೆ ಓಡುವುದನ್ನು, ಬೇರೆ ಚೌಕಗಳಲ್ಲಿ ಕೂರುವುದನ್ನು ಕಲಿತಿದ್ದಳು. ಐದನೆಯದರ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಹೊಸ ಕ್ಯಾಪ್ಟನ್ ಮಂಜುಳಾ ಧೈರ್ಯ ಮಾಡಿ, 'ಮ್ಯಾಚಲ್ಲಿ ಅಲ್ಲಿ ಯಾರು ಸಾ?' ಅಂತ ಕೇಳಿದರೆ ಮೇಷ್ಟ್ರು ಆಕಾಶ ನೋಡಿ, 'ಅದ ಅಲ್ಲೇ ನೋಡಾನ' ಎಂದರು. ಹಾಸನಕ್ಕೆ ಹೋಗುವ ಬಸ್ಸಿನಲ್ಲೂ ಅದೇ ಮಾತು.

ಹಾಸನದ ಗ್ರೌಂಡು ನಮ್ಮದರ ಮೂರರಷ್ಟಿತ್ತು. ಸುತ್ತ ಬೇರೆ ಬೇರೆ ಶಾಲೆಯವರು. ನಮಗೆ ಎದುರಾಗಿ ಅರಕಲಗೂಡಿನವರು, ಒಬ್ಬೊಬ್ಬಳೂ ಜಿಂಕೆಯ ಹಾಗೆ. ಟಾಸ್ ಸೋತೆವು, ಮೊದಲು ಅಟ್ಟುವ ಸರದಿ ನಮ್ಮದು. ಮಂಜುಳಾ ಕಂಬಕ್ಕೆ ಹೋದಳು. ನಾವು ನಮ್ಮ ನಮ್ಮ ಚೌಕಗಳಲ್ಲಿ ಕೂತೆವು. ಸುಮಾ ಗೆರೆಯ ಹತ್ತಿರ ನಿಂತು ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. ಅವಳು ಒಂದು ಹೆಜ್ಜೆ ಇಟ್ಟಳು, ಮತ್ತೆ ನಿಂತಳು. ರೆಫರಿ ಕೈಗಡಿಯಾರ ನೋಡಿಕೊಂಡು, 'ಇನ್ನೊಬ್ರು ಯಾರಮ್ಮ, ಬೇಗ' ಎಂದರು.

ಆಗ ಬಂತು ಆ ದಪ್ ದಪ್ ಸದ್ದು.

ಮೇಷ್ಟ್ರು ಕೋಚುಗಳು ನಿಲ್ಲುವ ಗೆರೆ ದಾಟಿ, ಸೀದಾ ಅಂಕಣದೊಳಗೆ ನಡೆದು ಬಂದು, ಪ್ಯಾಂಟನ್ನು ಎರಡು ಬೆರಳಲ್ಲಿ ಎತ್ತಿಕೊಂಡು, 'ಅಯ್ಯಪ್ಪಾ' ಅಂದು ಐದನೇ ಚೌಕದಲ್ಲಿ ಕೂತುಬಿಟ್ಟರು. ಎರಡೂ ಕೈ ನೆಲಕ್ಕೆ ಊರಿ, ಕತ್ತು ಮುಂದೆ ಮಾಡಿ, ಓಡಲು ಸಿದ್ಧ.

ಆಮೇಲೆ ನೋಡಿ, ನಗೆಯ ಮೊಳಗು! ಅರಕಲಗೂಡಿನ ಹುಡುಗಿಯರು ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದರು. ರೆಫರಿ ಓಡಿ ಬಂದರು: 'ಸಾರ್, ಸಾರ್! ಏನ್ ಮಾಡ್ತಿದ್ದೀರಾ? ಎದ್ದೇಳಿ ಸಾರ್ ಮೇಲೆ!'

'ಆಂ?' ಅಂದರು ಮೇಷ್ಟ್ರು. ಆ ಕಡೆ ನೋಡಿದರು, ಈ ಕಡೆ ನೋಡಿದರು. ತಾವು ಎಲ್ಲಿದ್ದೇವೆ ಅನ್ನುವುದು ಅವರಿಗೆ ಆಗ ತಿಳಿಯಿತು. ನಾವೂ ತಡೆಯಲಾರದೆ ನಗುತ್ತಿದ್ದೆವು. ನಾನು ಬಾಯಿ ಮುಚ್ಚಿಕೊಂಡು ಅವರ ಕಡೆ ತಿರುಗಿದೆ. ಅವರು ನಗುತ್ತಿರಲಿಲ್ಲ. ಏಳಲು ಒಂದು ಕೈ ಊರಿದರು, ಅರ್ಧ ಎದ್ದರು, ಮತ್ತೆ ಕೂತರು. ಮಂಡಿಯ ನೋವು ಅಂತ ಜನ ಅಂದುಕೊಂಡರು. ನನಗೆ ಮಾತ್ರ ಕೇಳುವಷ್ಟು ಸಣ್ಣ ದನಿಯಲ್ಲಿ ಅವರು ಹೇಳಿದರು:

'ಭಾಗ್ಯಾ, ಇಲ್ಲಿಂದ ಏಳಾಕ್ಕಾಯ್ತಿಲ್ಲ ಕಣವ್ವಾ. ನಾನ್ ಎದ್ರೆ ಚಂದ್ರಿ ಜಾಗ ಖಾಲಿಯಾಯ್ತದೆ.'

ಅವಳು ಹೋದ ಮೇಲೆ ಅವರ ಬಾಯಿಂದ ಅವಳ ಹೆಸರು ಬಂದದ್ದು ಅದೇ ಮೊದಲ ಸಲ. ಅಲ್ಲಿಯವರೆಗೆ, ಇವರು ನಮಗೋಸ್ಕರ ದಿನಾ ಬಂದು ಕೂರುತ್ತಿದ್ದಾರೆ ಅಂತಲೇ ನಾನು ತಿಳಿದಿದ್ದೆ. ನಮ್ಮನ್ನು ನಗಿಸುವುದಕ್ಕೆ, ನಮ್ಮನ್ನು ಓಡಿಸುವುದಕ್ಕೆ. ಆ ಚೌಕ ಖಾಲಿ ಇರುವುದನ್ನು ಅವರಿಗೂ ನೋಡಲಾಗುತ್ತಿರಲಿಲ್ಲ ಅಂತ ಆಗ ತಿಳಿಯಿತು. ಇಷ್ಟು ದೊಡ್ಡ ಮನುಷ್ಯ, ಇಷ್ಟು ದೊಡ್ಡ ಗಂಟಲು, ಪಾಪ, ಅವರನ್ನು ಯಾರೂ ಕೇಳಿಯೇ ಇರಲಿಲ್ಲ.

ನಾನು ಎದ್ದು ನಿಂತು ಕೈ ಚಾಚಿದೆ. 'ಏಳಿ ಸಾ. ಖಾಲಿ ಆಗಲ್ಲ. ನಾನು ಕೂತ್ಕತೀನಿ.'

ಅವರು ನನ್ನ ಕೈ ಹಿಡಿದರು. ಹಿಡಿದು ಎಳೆದ ರಭಸಕ್ಕೆ ಅವರು ಏಳುವ ಬದಲು ನಾನೇ ಅವರ ಮೇಲೆ ಮುಗ್ಗರಿಸಿದೆ. ಮತ್ತೆ ಗ್ರೌಂಡೆಲ್ಲ ನಗು. ಮಂಜುಳಾ ಕಂಬ ಬಿಟ್ಟು ಓಡಿ ಬಂದಳು, ಸುಮಾ ಬಂದಳು. ಮೂವರೂ ಸೇರಿ 'ಹೂಂ, ಹೂಂ' ಅಂತ ಎಬ್ಬಿಸಿದೆವು. ಅವರು ಪ್ಯಾಂಟಿನ ಮಣ್ಣು ಕೊಡವಿಕೊಂಡು, ರೆಫರಿಗೆ ಕೈಮುಗಿದು, ಹಿಂತಿರುಗಿ ನೋಡದೆ ಗೆರೆಯಾಚೆ ನಡೆದರು.

'ಸುಮಾ, ನೀನು ನನ್ ಜಾಗದಲ್ಲಿ ಕೂತ್ಕೋ' ಎಂದೆ. ಅವಳು ನಾಲ್ಕನೆಯದರಲ್ಲಿ ಪೂರ್ವಕ್ಕೆ ಮುಖ ಮಾಡಿ ಕೂತಳು. ನಾನು ಐದನೆಯದರಲ್ಲಿ ಪಡುವಣಕ್ಕೆ ಮುಖ ಮಾಡಿ ಕೂತೆ. ಮೆಲ್ಲಗೆ ತಲೆ ಎತ್ತಿದೆ.

ಎದುರಿಗೆ ಮೇಷ್ಟ್ರು ನಿಂತಿದ್ದರು. ಊರಿನ ಗ್ರೌಂಡಿನಲ್ಲೂ ಅವರು ನಿಲ್ಲುತ್ತಿದ್ದದ್ದು ಪಡುವಣದ ಗೆರೆಯಲ್ಲೇ. ಹೈಸ್ಕೂಲಿಗೆ ಸೇರಿದಾಗಿನಿಂದ ನಾನು ಪೂರ್ವಕ್ಕೆ ತಿರುಗಿ ಕೂತವಳು. ಬೆನ್ನ ಹಿಂದಿನಿಂದ ಅವರ ಬೈಗುಳ ಕೇಳುತ್ತಿತ್ತು, ಅಷ್ಟೆ. ಕತ್ತೆ, ಸೋಂಬೇರಿ, ದಂಡಪಿಂಡ, ಏನೇನೋ. ಈಗಲೂ ಬೈಯುತ್ತಿದ್ದರು, 'ಕತ್ತೆತ್ತೇ ಕತ್ತೆ, ನೆಲದಾಗೇನು ಬಂಗಾರ ಹೂತಾಕಿದ್ದಾರಾ!' ಅಂತ. ಬೈಯುತ್ತಿದ್ದ ಆ ಮುಖವನ್ನು ನಾನು ಅವತ್ತೇ ಮೊದಲು ನೋಡಿದ್ದು. ಕಣ್ಣೀರು ಕೆನ್ನೆಯ ಮೇಲೆ ಸುರಿಯುತ್ತಿತ್ತು, ಅದನ್ನು ಒರೆಸಿಕೊಳ್ಳುತ್ತಲೂ ಇರಲಿಲ್ಲ. ಆ ಮುಖದ ತುಂಬ ಹೆತ್ತ ತಾಯಿಗಿರುವಂಥ ಅಕ್ಕರೆ ಇತ್ತು. ಇದನ್ನು ಚಂದ್ರಿ ಇಷ್ಟು ದಿನ ಒಬ್ಬಳೇ ನೋಡುತ್ತಿದ್ದಳು, ಕಳ್ಳಿ, ನನಗೆ ಒಂದು ಮಾತೂ ಹೇಳಿರಲಿಲ್ಲ.

ರೆಫರಿ ಸೀಟಿ ಊದಿದರು. ಮಂಜುಳಾ ಕಂಬ ಬಿಟ್ಟು ಓಡಿದಳು. ಅರಕಲಗೂಡಿನ ಹುಡುಗಿ ಅವಳನ್ನು ಸತಾಯಿಸಿ ಸತಾಯಿಸಿ ಸುಸ್ತು ಮಾಡುತ್ತಿದ್ದಳು; ಹೆಜ್ಜೆಯ ಸದ್ದು, ಏದುಸಿರು, ಎಲ್ಲ ನನ್ನ ಬೆನ್ನ ಹಿಂದೆ ಹತ್ತಿರ ಹತ್ತಿರ ಬಂತು. ಕಷ್ಟ ಬಂದಾಗ ಎಲ್ಲರೂ ಬರುತ್ತಿದ್ದ ಜಾಗಕ್ಕೆ ಮಂಜುಳಾ ಬಂದಳು.

ಬೆನ್ನ ಮೇಲೆ ಏಟು ಬಿತ್ತು. 'ಖೋ!'

ನಾನು ಎದ್ದು ಓಡಿದೆ.